10 ಸೆಂಟಿನ ಸೂಪರ್‌ಫೆಕ್ಟಾ ನಿಜವಾಗಲೂ ಅಗ್ಗವಾ?

ಅಮೆರಿಕದ ಕುದುರೆ ರೇಸಿನಲ್ಲಿ 10 ಸೆಂಟಿಗೇ ಸೂಪರ್‌ಫೆಕ್ಟಾ ಆಡಬಹುದಂತೆ, ಅಷ್ಟು ಕಮ್ಮಿ ದುಡ್ಡಿಗೆ ದೊಡ್ಡ ಮೊತ್ತ ಸಿಗುತ್ತದಾ ಅಂತ ಕೇಳಿದ್ದೀರಿ. ಸಿಗಬಹುದು. ಆದರೆ 10 ಸೆಂಟ್ ಅನ್ನುವುದು ಒಂದು ಕಾಂಬಿನೇಷನ್ನಿನ, ಅಂದರೆ ಕುದುರೆಗಳು ಬರುವ ಒಂದೇ ಒಂದು ಕ್ರಮದ ಬೆಲೆ, ನಿಮ್ಮ ಟಿಕೆಟ್ಟಿನ ಬೆಲೆ ಅಲ್ಲ. ಹೊಸಬರು ಎಡವುವುದು ಇಲ್ಲೇ.

ಸೂಪರ್‌ಫೆಕ್ಟಾ ಅನ್ನುವ ಬಾಜಿಯಲ್ಲಿ ಮೊದಲ ನಾಲ್ಕು ಕುದುರೆಗಳನ್ನು ಅವು ಬರುವ ಕ್ರಮದಲ್ಲೇ ಮೊದಲೇ ಹೇಳಬೇಕು. ಬೆಂಗಳೂರಿನ ರೇಸಿನಲ್ಲಿ ತನಾಲಾ ಅನ್ನುವ ಬಾಜಿ ಆಡಿದವರಿಗೆ ಬೇಗ ಗೊತ್ತಾಗುತ್ತದೆ. ಅದರಲ್ಲಿ ಮೂರು, ಇದರಲ್ಲಿ ಇನ್ನೊಂದು ಜಾಸ್ತಿ. ಹತ್ತು ಕುದುರೆ ಓಡಿದರೆ ಮೊದಲ ನಾಲ್ಕು 5,040 ಥರ ಬರಬಹುದು. ಅದಕ್ಕೇ ಜನ ಬಾಕ್ಸ್ ಮಾಡುತ್ತಾರೆ. ಅಂದರೆ ನೀವು ಆರಿಸಿದ ಕುದುರೆಗಳು ಮೊದಲ ನಾಲ್ಕರಲ್ಲಿ ಹೇಗೆ ಬಂದರೂ ಸರಿ. ನಾಲ್ಕು ಕುದುರೆಗೆ 24 ಕಾಂಬಿನೇಷನ್, 2 ಡಾಲರ್ 40 ಸೆಂಟ್. ಐದಕ್ಕೆ 120, ಅಂದರೆ 12 ಡಾಲರ್. ಆರಕ್ಕೆ 36 ಡಾಲರ್!

ನಾನು ಇದನ್ನು ಕಲಿತದ್ದು ಸ್ಯಾನ್‌ಫ್ರಾನ್ಸಿಸ್ಕೊ ಹತ್ತಿರದ ಗೋಲ್ಡನ್ ಗೇಟ್ ಫೀಲ್ಡ್ಸ್‌ನಲ್ಲಿ. 2024ರ ಜೂನ್‌ನಲ್ಲಿ ಅದು ಮುಚ್ಚಿತು, ನನಗೆ ಈಗಲೂ ಬೇಜಾರು. ಅವತ್ತು ಏಳೇ ಕುದುರೆಯ ರೇಸು. ಐದನ್ನು ಬಾಕ್ಸ್ ಮಾಡಿದ್ದೆ. ಮೊದಲ ನಾಲ್ಕೂ ನನ್ನವೇ! ಖುಷಿಯಲ್ಲಿ ಕೂಗಿಬಿಟ್ಟೆ. ಬೋರ್ಡಿನಲ್ಲಿ 71 ಡಾಲರ್ ಅಂತ ಬಂತು. ಅದು 1 ಡಾಲರ್ ಆಡಿದವರ ಲೆಕ್ಕ. ನನಗೆ ಸಿಕ್ಕಿದ್ದು ಅದರ ಹತ್ತನೇ ಒಂದು ಭಾಗ, 7 ಡಾಲರ್ 10 ಸೆಂಟ್. 12 ಕೊಟ್ಟಿದ್ದೆ. ಗೆದ್ದೂ ಕಳೆದುಕೊಂಡಿದ್ದೆ.

ಹಾಗಾಗಿ ಫೇವರಿಟ್‌ಗಳೇ, ಅಂದರೆ ಹೆಚ್ಚು ಜನ ದುಡ್ಡು ಕಟ್ಟಿದ ಕುದುರೆಗಳೇ ಬರುವ ಸಣ್ಣ ರೇಸಿನಲ್ಲಿ ಇದನ್ನು ಆಡಬೇಡಿ. ಹತ್ತು ಹನ್ನೆರಡು ಕುದುರೆ ಇರಬೇಕು, ಫೇವರಿಟ್ ಮೇಲೆ ನಿಮಗೆ ಅನುಮಾನ ಇರಬೇಕು. ಬಾಕ್ಸಿಗಿಂತ ಕೀ ಮಾಡುವುದು ನನಗೆ ಇಷ್ಟ. ಗೆಲ್ಲುತ್ತದೆ ಅನ್ನಿಸಿದ ಒಂದನ್ನು ಮೊದಲ ಸ್ಥಾನಕ್ಕೆ ಇಟ್ಟು, ಇನ್ನು ಐದನ್ನು ಅದರ ಕೆಳಗೆ ಹಾಕಿ. 60 ಕಾಂಬಿನೇಷನ್, 6 ಡಾಲರ್. ಅದೇ ಆರು ಕುದುರೆ, ಬಾಕ್ಸ್ ಮಾಡಿದ್ದರೆ 36 ಆಗುತ್ತಿತ್ತು ಅಲ್ವಾ? ಆ ಐದರಲ್ಲಿ ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳದ ಕುದುರೆ ಒಂದಿರಲಿ. ಕೊನೆಯಲ್ಲಿ ಮುಂದಿನವು ಸುಸ್ತಾದಾಗ ಅಂಥದ್ದು ನಾಲ್ಕನೆಯದಾಗಿ ನುಗ್ಗಿ ಬರುತ್ತದೆ. ದುಡ್ಡು ಬೆಳೆಯುವುದು ಅದರಿಂದಲೇ.

2022ರ ಕೆಂಟಕಿ ಡರ್ಬಿಯಲ್ಲಿ 80ಕ್ಕೆ 1ರ ಆಡ್ಸ್ ಇದ್ದ, ಅಂದರೆ ಗೆಲ್ಲುತ್ತದೆ ಅಂತ ಹೆಚ್ಚು ಜನ ನಂಬದಿದ್ದ ರಿಚ್ ಸ್ಟ್ರೈಕ್ ಅನ್ನುವ ಕುದುರೆ ಗೆದ್ದಾಗ 1 ಡಾಲರ್ ಸೂಪರ್‌ಫೆಕ್ಟಾಗೆ 3,21,500 ಡಾಲರ್ ಬಂತು. ಆದರೆ ಓಡಿದ್ದು 20 ಕುದುರೆ, 1,16,280 ಕಾಂಬಿನೇಷನ್. ಇದನ್ನೂ ನೆನಪಿಡಿ: ಕ್ಯಾಲಿಫೋರ್ನಿಯಾದಲ್ಲಿ ವಿನ್ ಬಾಜಿಯ (ಗೆಲ್ಲುವ ಕುದುರೆಯನ್ನಷ್ಟೇ ಹೇಳುವುದು) ಪೂಲಿನಿಂದ, ಅಂದರೆ ಎಲ್ಲರೂ ಕಟ್ಟಿದ ಒಟ್ಟು ದುಡ್ಡಿನಿಂದ, ನೂರಕ್ಕೆ ಸುಮಾರು 15 ಮೊದಲೇ ಕಡಿತ ಆಗುತ್ತಿದ್ದರೆ, ಸೂಪರ್‌ಫೆಕ್ಟಾದಿಂದ ಹೆಚ್ಚುಕಡಿಮೆ 24. ದಿನವೂ ಆಡಿದರೆ ಈ ಕಡಿತವೇ ನಿಮ್ಮನ್ನು ತಿಂದುಹಾಕುತ್ತದೆ.

ಗ್ರೇಹೌಂಡ್ ನಾಯಿ ರೇಸಿನಲ್ಲೂ ಇದೇ ಬಾಜಿ ಇದೆ. ಫ್ಲೋರಿಡಾದಲ್ಲಿ 2020ರ ಕೊನೆಗೆ ಅದು ನಿಂತಿತು. ಎಂಟು ನಾಯಿಗೆ 1,680 ಕಾಂಬಿನೇಷನ್ ಅಷ್ಟೇ, ಸುಲಭ ಅನ್ನಿಸಬಹುದು. ಆದರೆ ಮೊದಲ ತಿರುವಿನಲ್ಲಿ ಎರಡು ನಾಯಿ ಡಿಕ್ಕಿ ಹೊಡೆದರೆ ಎಲ್ಲ ಲೆಕ್ಕ ತಲೆಕೆಳಗು. ನಾನು ಅದನ್ನು ಆಡುವುದಿಲ್ಲ.

ಕೌಂಟರಿನಲ್ಲಿ ಹೇಳುವ ಕ್ರಮ ಹೀಗೆ: ಎಷ್ಟನೇ ರೇಸು, 10 ಸೆಂಟ್, ಸೂಪರ್‌ಫೆಕ್ಟಾ ಕೀ, ಆಮೇಲೆ ಕುದುರೆ ನಂಬರ್. ಟಿಕೆಟ್ ಕೈಗೆ ಬಂದ ಕೂಡಲೇ ಅಲ್ಲೇ ನಿಂತು ನಂಬರ್ ನೋಡಿಕೊಳ್ಳಿ. ಗೇಟ್ ತೆರೆದು ಓಟ ಶುರುವಾದ ಮೇಲೆ ಬದಲಾಯಿಸಿ ಕೊಡುವುದಿಲ್ಲ.