ಅಡುಗೆಮನೆ ಕಟ್ಟೆಗೆ ಎಷ್ಟು ದೂರಕ್ಕೊಂದು ಸಾಕೆಟ್?

ಹಾಸನದಲ್ಲಿ ಕಟ್ಟಿಸುತ್ತಿರುವ ಮನೆಯ ಅಡುಗೆ ಕಟ್ಟೆಗೆ ಅಮೆರಿಕದ ನಿಯಮದಂತೆ ಎರಡಡಿಗೊಂದು ಸಾಕೆಟ್ ಕಡ್ಡಾಯವೇ ಎಂದು ತಾವು ಕೇಳಿದ್ದೀರಿ. ಆ ನಿಯಮ ಹೇಳುವುದೇ ಬೇರೆ: ಕಟ್ಟೆಯ ಗೋಡೆಯುದ್ದಕ್ಕೂ ಯಾವ ಜಾಗವೂ ಸಾಕೆಟ್‌ನಿಂದ 24 ಇಂಚಿಗಿಂತ ದೂರವಿರಬಾರದು, ಅಂದರೆ ಎರಡು ಸಾಕೆಟ್‌ಗಳ ನಡುವೆ ನಾಲ್ಕಡಿಯವರೆಗೂ ಅಂತರವಿರಬಹುದು, ಅಲ್ಲಿನ ಸಣ್ಣ ಉಪಕರಣಗಳ ವೈರ್ ಗಿಡ್ಡವಾಗಿರುವುದೇ ಇದಕ್ಕೆ ಕಾರಣ. ನಮ್ಮಲ್ಲಿ ಅದು ಅನ್ವಯಿಸುವುದಿಲ್ಲ. ನನ್ನ ದೃಷ್ಟಿಯಲ್ಲಿ ಅಳತೆಗಿಂತ ಮುಖ್ಯವಾದದ್ದು, ಮಿಕ್ಸಿಗೆ 6 ಆಂಪಿಯರ್ ಸಾಕೆಟ್ ಸಾಕಾದರೂ ಓವನ್, ಗೀಸರ್‌ನಂಥವುಗಳಿಗೆ 16 ಆಂಪಿಯರ್ ಸಾಕೆಟ್‌ಗಳನ್ನು ಪ್ರತ್ಯೇಕ ಸರ್ಕ್ಯೂಟ್‌ನಲ್ಲಿ, ಸರಿಯಾದ ಅರ್ಥಿಂಗ್ ಸಹಿತ ಕೊಡಿಸಿ, 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಸಂಪರ್ಕ ಕಡಿಯುವ ಸ್ವಿಚ್) ಹಾಕಿಸುವುದು. ನಮ್ಮ ಕಡೆ ಗ್ರೈಂಡರನ್ನು ಸಿಂಕ್ ಪಕ್ಕಕ್ಕೇ ಇಡುವುದು ರೂಢಿ (ತೊಳೆಯಲು ಅನುಕೂಲ, ನಿಜ); ಆದ್ದರಿಂದ ಅದರ ಸಾಕೆಟನ್ನು ನೀರು ಸಿಡಿಯದ ಬದಿಗೆ ಸರಿಸಿ, ಟೈಲ್ಸ್ ಅಂಟಿಸುವ ಮುನ್ನವೇ ಗೋಡೆಯ ಮೇಲೆ ಗುರುತು ಹಾಕಿಸಿರಿ.