ಮಾವಿನ ತೋಪಿನ ಕಪ್ಪು ಕಣ್ಣಿನ ಗೂಬೆ

ಪ್ರಶ್ನೆ: ನಮ್ಮದು ಮೇಲುಕೋಟೆ ಬೆಟ್ಟದ ಕೆಳಗಿನ ಹಳ್ಳಿ. ಮನೆಯ ಹಿಂದಿನ ಮಾವಿನ ತೋಪಿನಲ್ಲಿ ಕತ್ತಲಾದ ಮೇಲೆ ಒಂದು ಹಕ್ಕಿ ‘ವಕ್’ ಎಂದು ಒಂದೇ ಸ್ವರದಲ್ಲಿ, ಬಿಟ್ಟು ಬಿಟ್ಟು, ಬಹಳ ಹೊತ್ತು ಕೂಗುತ್ತದೆ. ಟಾರ್ಚು ಹಾಯಿಸಿದಾಗ ಗೊರವಂಕದ ಗಾತ್ರದ ಬೂದು ಗೂಬೆ ಕಾಣಿಸಿತು. ತಲೆಯ ಮೇಲೆ ಕೊಂಬಿನಂತೆ ಎರಡು ಕುಚ್ಚುಗಳಿದ್ದವು, ಕಣ್ಣು ಕಪ್ಪಗಿದ್ದವು. ಇದು ಹಾಲಕ್ಕಿಯೇ, ಕೊಂಬಿನ ಗೂಬೆಯ ಮರಿಯೇ? ಅಪಶಕುನವೆಂದು ಮನೆಯ ಹಿರಿಯರು ಹಳೆಯ ಮರವನ್ನೇ ಕಡಿಸಬೇಕೆನ್ನುತ್ತಿದ್ದಾರೆ.
– ಓದುಗರೊಬ್ಬರು, ಪಾಂಡವಪುರ ತಾಲ್ಲೂಕು

ಉತ್ತರ: ಎರಡೂ ಅಲ್ಲ, ನೀವು ಕಂಡಿರುವುದು ಭಾರತೀಯ ಸ್ಕಾಪ್ಸ್ ಗೂಬೆ. ಕೊಂಬಿನ ಗೂಬೆಯ ಮರಿಗಳು ಚೆನ್ನಾಗಿ ಹಾರುವ ವೇಳೆಗೆ ಹೆಚ್ಚುಕಡಿಮೆ ತಾಯಿಯಷ್ಟೇ ದೊಡ್ಡದಾಗಿರುತ್ತವೆ. ಆದ್ದರಿಂದ ಗೊರವಂಕದ ಗಾತ್ರದಲ್ಲಿದ್ದು ಮರದಿಂದ ಮರಕ್ಕೆ ಹಾರುವ ಗೂಬೆ ಅದರ ಮರಿಯಾಗಿರಲಾರದು. ಬುಡಬುಡಿಕೆಯವರ ನುಡಿಯಿಂದ ನಮಗೆಲ್ಲ ಪರಿಚಿತವಾದ ಹಾಲಕ್ಕಿಗೆ ತಲೆಯ ಮೇಲೆ ಕುಚ್ಚುಗಳಿಲ್ಲ, ಕಣ್ಣು ಹಳದಿ, ಕಂದು ಮೈಮೇಲೆ ಬಿಳಿ ಚುಕ್ಕೆಗಳಿರುತ್ತವೆ. ಅದು ಕರ್ಕಶವಾಗಿ ಕಚಪಚಿಸುವ ಹಕ್ಕಿಯೇ ಹೊರತು ಒಂದೇ ಸ್ವರವನ್ನು ಹಿಡಿದು ಕೂರುವಂಥದಲ್ಲ.

ಸಣ್ಣ ಗೂಬೆಗಳನ್ನು ಗುರುತಿಸುವಾಗ ಬಣ್ಣಕ್ಕಿಂತ ಕೂಗನ್ನು ನಂಬುವುದು ಲೇಸು. ಸ್ಕಾಪ್ಸ್ ಗೂಬೆಗಳಲ್ಲಿ ಒಂದೇ ಜಾತಿಯೊಳಗೆ ಬೂದು ಹಾಗೂ ಕೆಂಗಂದು ಛಾಯೆಯ ಹಕ್ಕಿಗಳು ಸಿಗುವುದರಿಂದ ಮೈಬಣ್ಣ ಸುಲಭವಾಗಿ ದಾರಿ ತಪ್ಪಿಸುತ್ತದೆ. ನಾಗರಹೊಳೆಯಂಥ ಕಾಡುಗಳಲ್ಲಿರುವ, ಇದಕ್ಕಿಂತ ಚಿಕ್ಕದಾದ ಓರಿಯೆಂಟಲ್ ಸ್ಕಾಪ್ಸ್ ಗೂಬೆಗೂ ಕುಚ್ಚುಗಳಿವೆ. ಆದರೆ ಅದರ ಕಣ್ಣು ಹಳದಿ, ಕೂಗು ‘ಟುಕ್-ಟೊಕ್-ಟೊರೊಕ್’ ಎಂಬಂತೆ ಮೂರು ತುಂಡಿನದು. ನಿಮ್ಮ ತೋಪಿನ ಹಕ್ಕಿಯದು ಏನನ್ನೋ ಕೇಳುವಂತೆ ಕೊನೆ ಎತ್ತಿದ ಒಂಟಿ ಸ್ವರ, ಕಣ್ಣು ಸಾಮಾನ್ಯವಾಗಿ ಕಡುಕಂದು. ಹಿಂಭಾಗ ಕಂಡರೆ ಕತ್ತಿನ ಸುತ್ತ ಮಾಸಲು ಬಿಳಿಯ ಪಟ್ಟಿಯನ್ನೂ ನೋಡಬಹುದು. ಹಳೆಯ ಪಕ್ಷಿ ಪುಸ್ತಕಗಳಲ್ಲಿ ಇದಕ್ಕೆ ‘ಕಾಲರ್ಡ್’ ಎಂಬ ವಿಶೇಷಣ ಇರುವುದು ಅದರಿಂದಲೇ. ಆ ಹೆಸರನ್ನು ಈಗ ಹಿಮಾಲಯ ಮತ್ತು ಅದರಾಚೆಯ ಪೂರ್ವದ ಪ್ರತ್ಯೇಕ ಜಾತಿಗೆ ಬಳಸುತ್ತಾರೆ. ಅಂದ ಹಾಗೆ, ತಲೆಯ ಮೇಲಿನವು ಬರಿಯ ಗರಿಗಳ ಕುಚ್ಚು. ನಿಜವಾದ ಕಿವಿಗಳು ಮುಖದ ಪಕ್ಕದ ಗರಿಗಳ ಅಡಿಯಲ್ಲಿ ಅಡಗಿರುತ್ತವೆ.

ಹಗಲಿನಲ್ಲಿ ಇದು ಕಾಂಡಕ್ಕೆ ಒತ್ತಿಕೊಂಡು ಅಥವಾ ದಟ್ಟ ಎಲೆಗಳ ನಡುವೆ ಕುಳಿತಿರುತ್ತದೆ. ಹತ್ತಿರ ಹೋದರೆ ಹಾರುವುದಕ್ಕೆ ಬದಲಾಗಿ ಮೈಯನ್ನು ತೆಳ್ಳಗೆ ಮೇಲಕ್ಕೆಳೆದು, ಕುಚ್ಚುಗಳನ್ನು ನಿಮಿರಿಸಿ, ಕಣ್ಣುಗಳನ್ನು ಗೀರಿನಷ್ಟು ಮುಚ್ಚಿಕೊಳ್ಳುತ್ತದೆ. ಆಗ ಮುರಿದ ಕೊಂಬೆಯ ಮೋಟಿಗೂ ಅದಕ್ಕೂ ವ್ಯತ್ಯಾಸವೇ ತಿಳಿಯದು. ಹಕ್ಕಿಯನ್ನು ಹುಡುಕುವುದಕ್ಕಿಂತ ಮರದ ಬುಡವನ್ನು ನೋಡುವುದು ಸುಲಭ. ಬಿಳಿ ಹಿಕ್ಕೆಯ ಕಲೆಗಳ ಜೊತೆಗೆ, ಅರಗದ ಭಾಗಗಳನ್ನು ಅದು ಬಾಯಿಂದ ಹೊರಹಾಕಿದ ಸಣ್ಣ ಉಂಡೆಗಳು ಬಿದ್ದಿರಬಹುದು. ಒಂದನ್ನು ನೀರಿನಲ್ಲಿ ನೆನೆಸಿ ಕಡ್ಡಿಯಿಂದ ಬಿಡಿಸಿದರೆ ಜೀರುಂಡೆಯ ಹೊಳೆಯುವ ಚಿಪ್ಪು, ಮಿಡತೆಯ ಕಾಲಿನ ತುಂಡು, ಕೆಲವೊಮ್ಮೆ ಇಲಿಮರಿಯ ಮೂಳೆ ಸಿಗುತ್ತದೆ. ಅದರ ಊಟದಲ್ಲಿ ಕೀಟಗಳದೇ ಸಿಂಹಪಾಲು.

ಶಕುನದ ಮಾತಿಗೆ ಆಧಾರವಿಲ್ಲ. ಮರ ಕಡಿಸುವ ಮಾತು ಮಾತ್ರ ನನಗೆ ಕಳವಳ ತಂದಿದೆ. ಇದು ಸ್ವಂತವಾಗಿ ಗೂಡು ಕಟ್ಟುವುದಿಲ್ಲ. ಹಳೆಯ ಮರದ ಪೊಟರೆಯಲ್ಲಿ, ಇಲ್ಲವೇ ಮರಕುಟಿಗ ಕೊರೆದು ಬಿಟ್ಟ ತೂತಿನಲ್ಲಿ, ಸಾಮಾನ್ಯವಾಗಿ ಮೂರು ನಾಲ್ಕು ಬಿಳಿ ಮೊಟ್ಟೆಗಳನ್ನಿಡುತ್ತದೆ. ವರ್ಷದ ಮೊದಲ ತಿಂಗಳುಗಳಲ್ಲೇ ಅದರ ಸಂತಾನದ ಕಾಲ. ಎಳೆಯ ಮಾವಿನಲ್ಲಿ ಅಂಥ ಪೊಟರೆಗಳಿರುವುದಿಲ್ಲವಾದ್ದರಿಂದ ಆ ಮುದಿ ಮರ ಹೋದರೆ ಗೂಬೆಯ ಜೋಡಿಯೂ ಹೋದಂತೆಯೇ. ಗೂಬೆಯನ್ನು ಹಿಡಿಯುವುದೂ ಕೊಲ್ಲುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧವೆಂಬುದನ್ನು ಹಿರಿಯರಿಗೆ ತಿಳಿಸಿ. ಟಾರ್ಚನ್ನು ಕಣ್ಣಿಗೆ ನೇರವಾಗಿ ಬಿಡಬೇಡಿ. ಮೊಬೈಲಿನಲ್ಲಿ ಅದರ ಕೂಗನ್ನು ಹಾಕಿ ಕರೆಯುವ ಚಟವೂ ಬೇಡ.

ಪ್ರಶ್ನೆ: ಹುಣಸೂರಿನ ಆಚೆ ಕಾಡಂಚಿನಲ್ಲಿ ಬೆಳಿಗ್ಗೆ ಎಂಟರ ಹೊತ್ತಿಗೆ ಮೈತುಂಬ ಅಡ್ಡಗೆರೆಗಳಿದ್ದ, ಕುಚ್ಚಿಲ್ಲದ ಪುಟ್ಟ ಗೂಬೆ ಕೂಗುತ್ತಿತ್ತು. ಇದೂ ಅದೇ ಜಾತಿಯೇ?
– ಓದುಗರೊಬ್ಬರು, ಮೈಸೂರು

ಉತ್ತರ: ಅಲ್ಲ, ಅದು ಜಂಗಲ್ ಔಲೆಟ್. ಮುಂಜಾನೆ ಮತ್ತು ಮುಸ್ಸಂಜೆ ಅದರ ಮುಖ್ಯ ವೇಳೆಯಾದರೂ ಹಗಲಿನಲ್ಲಿಯೂ ಕೂಗುವುದುಂಟು. ನಿಧಾನವಾಗಿ ಆರಂಭವಾಗುವ ಕೂಗು ಬರುಬರುತ್ತ ವೇಗ ಪಡೆಯುತ್ತದೆ. ಹಗಲಿನಲ್ಲಿ ಸಣ್ಣ ಹಕ್ಕಿಗಳು ಗುಂಪುಗೂಡಿ ಅದನ್ನು ಗದ್ದಲವೆಬ್ಬಿಸಿ ಕಾಡುವುದರಿಂದ, ಆ ಗದ್ದಲದ ದಿಕ್ಕಿಗೆ ದುರ್ಬೀನು ಹಿಡಿದರೆ ಗೂಬೆ ಕುಳಿತ ಕೊಂಬೆ ಬೇಗನೆ ಸಿಗುತ್ತದೆ.