ಮೋಡದ ದಿನಕ್ಕೆ 0.45 ಸಾಲದು
ಮಳೆಗಾಲದಲ್ಲಿ ಪೈರನೋಮೀಟರಿನಿಂದ (ಬಿಸಿಲಿನ ಒಟ್ಟು ಶಕ್ತಿ ಅಳೆಯುವ ಉಪಕರಣ) ಹಾಕಿದ, ಗಿಡಕ್ಕೆ ದಕ್ಕುವ ಬೆಳಕಿನ ಲೆಕ್ಕ ನಿಮ್ಮ ಕ್ವಾಂಟಮ್ ಸೆನ್ಸರ್ (ಆ ಬೆಳಕನ್ನೇ ನೇರವಾಗಿ ಅಳೆಯುವ ಉಪಕರಣ) ತೋರಿಸುವುದಕ್ಕಿಂತ ಕಡಿಮೆ ಬರಲು ಕಾರಣ ಬಹುಶಃ 0.45 ಎಂಬ ಗುಣಕವೇ, ಅಂದರೆ ಒಟ್ಟು ಬಿಸಿಲಿನಲ್ಲಿ ಆ ಬೆಳಕಿನ ಪಾಲು. ಅದು ತಿಳಿ ಆಕಾಶಕ್ಕೆ ಸರಿ. ಮೋಡದ ನೀರು ಅವಗೆಂಪು ಕಿರಣಗಳನ್ನು ಹೆಚ್ಚು ಹೀರುವುದರಿಂದ, ನೆಲಕ್ಕಿಳಿಯುವ ಬೆಳಕಿನಲ್ಲಿ ಗಿಡಕ್ಕೆ ದಕ್ಕುವ 400–700 ನ್ಯಾನೋಮೀಟರ್ ಪಾಲು ಏರುತ್ತದೆ.

ಮೊದಲು ಪೈರನೋಮೀಟರಿನ ಗಾಜಿನ ಗುಮ್ಮಟ ಒರೆಸಿ. ಹನಿ ಕೂತಿದ್ದರೆ ಮುಂದಿನ ಲೆಕ್ಕವೆಲ್ಲ ದಂಡ. ದಿನದ ಮೊತ್ತವನ್ನು 0.50ರಿಂದ, ಆಮೇಲೆ ಮೆಗಾಜೂಲನ್ನು ಬೆಳಕಿನ ಕಣಗಳ ಮೋಲ್ ಲೆಕ್ಕಕ್ಕೆ ತರುವ 4.57ರಿಂದ ಗುಣಿಸಿ. ಚದರ ಮೀಟರಿಗೆ 8 ಮೆಗಾಜೂಲ್ ಬಿದ್ದಿದ್ದರೆ ಸುಮಾರು 18 ಮೋಲ್. ಹಳೆಯ ಗುಣಕದಲ್ಲಿ ಹದಿನಾರೂವರೆಯಷ್ಟೇ.

0.50 ಕೂಡ ಅಂದಾಜೇ, ಮೋಡದ ದಪ್ಪಕ್ಕೆ ತಕ್ಕಂತೆ ಹೊಯ್ದಾಡುತ್ತದೆ. ಹತ್ತು ಮೋಡದ ದಿನ ಎರಡೂ ಉಪಕರಣಗಳನ್ನು ಬಯಲಿನಲ್ಲಿ ಸಮಮಟ್ಟದಲ್ಲಿ ಅಕ್ಕಪಕ್ಕ ಇಟ್ಟು, ನಿಮ್ಮ ಜಾಗದ್ದೇ ಗುಣಕ ಕಂಡುಕೊಳ್ಳಿ.